ಮೊದಲ ರೋಡ್ ಸೈಕಲ್: ಈ ಮೂರರಲ್ಲಿ ಯಾವುದು?

ಪ್ರಶ್ನೆ: ಒಂದು ವರ್ಷದಿಂದ ನೇರ ಹ್ಯಾಂಡಲ್ ಇರುವ ಹೈಬ್ರಿಡ್ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ 35–40 ಕಿ.ಮೀ. ಹೋಗಿ ಬರುತ್ತೇನೆ. ಮುಂದೆ 100 ಕಿ.ಮೀ. ಮಾಡಬೇಕು ಅನ್ನೋ ಆಸೆ. ನನ್ನ ಎತ್ತರ 168 ಸೆಂ.ಮೀ., ತೂಕ 70 ಕೆ.ಜಿ. ಬಜೆಟ್ ತೀರಾ ಕಮ್ಮಿಯಲ್ಲ, ಹಾಗಂತ ಕೈಬಿಚ್ಚಿ ಸುರಿಯುವಷ್ಟೂ ಇಲ್ಲ. ಮೂರು ಸೈಕಲ್ ನೋಡಿಟ್ಟಿದ್ದೇನೆ. ಒಂದು ಹೊಸದು: ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಶಿಮಾನೊ ಸೋರಾ, ಕೇಬಲ್ ಡಿಸ್ಕ್ ಬ್ರೇಕ್, 28 ಮಿ.ಮೀ. ಟೈರು, ಸೈಜು 52. ಇನ್ನೊಂದು ಅದೇ ಬೆಲೆಗೆ ಸಿಗುವ ಆರು ವರ್ಷ ಹಳೆಯ ಕಾರ್ಬನ್ ರೇಸ್ ಸೈಕಲ್: ಶಿಮಾನೊ 105, ರಿಮ್ ಬ್ರೇಕ್, ಸೈಜು 56. ಮೂರನೆಯದು ಬಹಳ ಅಗ್ಗ, ನೋಡೋಕೆ ಚೆಂದ, ಎತ್ತರದ ರಿಮ್ಮು, ಡಿಸ್ಕ್ ಬ್ರೇಕು, 7 ಗೇರು. ಗೆಳೆಯರೆಲ್ಲ ಕಾರ್ಬನ್ನೇ ತಗೋ ಅಂತಾರೆ. ನಾನು ಹೋಗುವ ದಾರಿಯಲ್ಲಿ 2 ಕಿ.ಮೀ. ಏರು ಇದೆ, ಸುಮಾರು 8 ಪರ್ಸೆಂಟ್, ಅಲ್ಲಿ ಇಳಿದು ತಳ್ಳುತ್ತೇನೆ. ಈಗಿನ ಸೈಕಲ್ಲಿನಲ್ಲಿ ಒಂದು ಗಂಟೆ ಆದಮೇಲೆ ಕೈ ಜೋಮು ಹಿಡಿಯುತ್ತದೆ. ಯಾವುದು ತಗೊಳ್ಳಲಿ? ಇನ್ನೊಂದು ವರ್ಷ ಕಾದು ದುಡ್ಡು ಕೂಡಿಸಿ ಹೊಸ ಕಾರ್ಬನ್ ತಗೊಳ್ಳೋದು ಒಳ್ಳೆಯದಾ?

ಉತ್ತರ: ಮೊದಲನೆಯದನ್ನೇ ತಗೊಳ್ಳಿ. ಆದರೆ ದುಡ್ಡು ಕೊಡುವ ಮುಂಚೆ ಎರಡು ಕೆಲಸ ಮಾಡಿ: ನಿಮ್ಮ ಕಾಲಿನ ಅಳತೆ ತೆಗೆಯಿರಿ, ಆಮೇಲೆ ಆ ಸೈಕಲ್ ಮೇಲೆ ಕನಿಷ್ಠ ಅರ್ಧ ಗಂಟೆ ಕೂತು ತುಳಿಯಿರಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಕಾರ್ಬನ್ ಕಡೆಗೂ ಅಲ್ಲ, 105 ಅನ್ನೋ ಗೇರಿನ ಕಡೆಗೂ ಅಲ್ಲ. 52 ಮತ್ತು 56 ಅನ್ನೋ ಎರಡು ನಂಬರಿನ ಕಡೆಗೆ. ಒಬ್ಬರೇ ಮನುಷ್ಯ ಈ ಎರಡೂ ಸೈಜನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುತ್ತಿದ್ದಾರೆ ಅಂದರೆ, ಸೈಜು ಅನ್ನೋದು ಕೊನೆಗೆ ನೋಡಿಕೊಳ್ಳುವ ವಿಷಯ ಅಂತ ಯಾರೋ ಅವರಿಗೆ ಹೇಳಿದ್ದಾರೆ ಅಂತ ಅರ್ಥ. ಅದು ತಪ್ಪು. ರೋಡ್ ಸೈಕಲ್ಲಿನಲ್ಲಿ ಸೈಜೇ ಮೊದಲು. ಗೇರು ಬದಲಾಯಿಸಬಹುದು, ಟೈರು ಬದಲಾಯಿಸಬಹುದು, ಚಕ್ರವನ್ನೇ ಬದಲಾಯಿಸಬಹುದು. ಫ್ರೇಮ್ ಉದ್ದವಾದರೆ ಅದನ್ನು ಕತ್ತರಿಸೋಕೆ ಆಗಲ್ಲ, ನಿಮ್ಮ ಎತ್ತರಕ್ಕೆ 56 ದೊಡ್ಡದು.

ನಾನು ತಗೊಂಡ ಮೊದಲ ರೋಡ್ ಸೈಕಲ್ ನನಗಿಂತ ಎರಡು ಸೈಜು ದೊಡ್ಡದಿತ್ತು. ಅಂಗಡಿಯವರು "ಸೀಟು ಇಳಿಸಿದರೆ ಸರಿ ಹೋಗುತ್ತೆ" ಅಂದರು, ನಾನೂ ನಂಬಿದೆ. ಸೀಟು ಇಳಿಯಿತು, ಆದರೆ ಹ್ಯಾಂಡಲ್ ಹತ್ತಿರ ಬರಲಿಲ್ಲ. ಒಂದೂವರೆ ವರ್ಷ ಕುತ್ತಿಗೆ ನೋವು ಇಟ್ಟುಕೊಂಡೇ ತುಳಿದೆ. ದೇಹ ಒಗ್ಗಬೇಕು, ಇನ್ನೂ ಜಾಸ್ತಿ ತುಳಿಯಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಒಬ್ಬ ಗೆಳೆಯನ ಸೈಕಲ್ ಹತ್ತಿ ಹತ್ತು ಕಿಲೋಮೀಟರ್ ಹೋದಾಗ ಗೊತ್ತಾಯಿತು, ತಪ್ಪು ನನ್ನ ಬೆನ್ನಿನದಲ್ಲ ಅಂತ. ಆಮೇಲೆ ಎಷ್ಟೋ ಜನರ ಸೈಕಲ್ ಹೊಂದಿಸಿ ಕೊಟ್ಟಿದ್ದೇನೆ. ಹೊಸಬರು ಆರು ತಿಂಗಳಿಗೇ ಸೈಕಲ್ ಮೂಲೆಗೆ ಇಟ್ಟರೆ, ಹೆಚ್ಚಿನ ಸಲ ಅದರ ಹಿಂದೆ ಇದೇ ಕಾರಣ ಕಂಡಿದ್ದೇನೆ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮೊದಲು ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಜಾಗ ಇರಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆ ಸಂದಿಗೆ, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ತಾಗಿರಬೇಕು, ಇಲ್ಲದಿದ್ದರೆ ಪುಸ್ತಕ ಓರೆಯಾಗಿ ಅಳತೆ ತಪ್ಪುತ್ತದೆ. ಮೇಲಂಚಿನಿಂದ ನೆಲದವರೆಗೆ ಇನ್ನೊಬ್ಬರು ಟೇಪ್ ಹಿಡಿಯಲಿ. ಮೂರು ಸಲ ಅಳೆದು ಸರಾಸರಿ ತಗೊಳ್ಳಿ. ಪ್ಯಾಂಟಿನ ಅಳತೆ ಇದಕ್ಕೆ ನಡೆಯಲ್ಲ, ಅದು ಯಾವಾಗಲೂ ಕಮ್ಮಿಯೇ ಬರುತ್ತದೆ.

168 ಸೆಂ.ಮೀ. ಎತ್ತರಕ್ಕೆ ಈ ಅಳತೆ 77ರ ಆಸುಪಾಸು ಬಂದೀತು. ಅದನ್ನು 0.883ರಿಂದ ಗುಣಿಸಿ. 68 ಸೆಂ.ಮೀ. ಬರುತ್ತದೆ. ಎರಡೂ ಪೆಡಲ್ಲಿನ ತೋಳು (ಕ್ರ್ಯಾಂಕ್) ಫ್ರೇಮಿನಲ್ಲಿ ಸುತ್ತುವ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ದೂರ ಇದು. 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಈ ಲೆಕ್ಕ ಪ್ರಸಿದ್ಧ. ಇದೇ ಕೊನೆಯ ಮಾತು ಅಂತಲ್ಲ, ಶುರು ಮಾಡೋಕೆ ಒಳ್ಳೆಯ ಜಾಗ. ಸರಿ ಇದೆಯಾ ಅಂತ ನೋಡೋಕೆ ಸುಲಭದ ದಾರಿ ಇದೆ. ಸೀಟಿನ ಮೇಲೆ ನೆಟ್ಟಗೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲೆ ಇಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಒಂದು ಕಡೆ ಜಾರಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ತಾನಾಗಿಯೇ ಬೇಕಾದಷ್ಟು ಬಾಗಿರುತ್ತದೆ.

ಈಗ ಫ್ರೇಮಿನ ನಂಬರಿಗೆ ಬರೋಣ. ಹಿಂದೆ 52 ಅಂದರೆ ಫ್ರೇಮಿನಲ್ಲಿ ಸೀಟಿನ ಕೆಳಗಿನಿಂದ ಪೆಡಲ್ ಅಚ್ಚಿನವರೆಗೆ ಇಳಿಯುವ ಕಂಬಿ 52 ಸೆಂ.ಮೀ. ಉದ್ದ ಅಂತ. ಮೇಲಿನ ಕಂಬಿ ಓರೆಯಾಗಿ ಬರೋಕೆ ಶುರುವಾದ ಮೇಲೆ ಆ ಅರ್ಥ ಉಳಿದಿಲ್ಲ, ಈಗ ಅದು ಬರೀ ಹೆಸರು. ಒಂದು ಕಂಪನಿಯ 52 ಇನ್ನೊಂದು ಕಂಪನಿಯ 54ರಷ್ಟು ಇರಬಹುದು, ಕೆಲವರು ಸ್ಮಾಲ್, ಮೀಡಿಯಂ ಅಂತಲೇ ಬರೆಯುತ್ತಾರೆ. ಆದ್ದರಿಂದ ಸೈಜಿನ ನಂಬರ್ ಬಿಟ್ಟು, ಕಂಪನಿಯ ಅಳತೆಯ ಪಟ್ಟಿಯಲ್ಲಿ ಎರಡು ಅಂಕಿ ಹುಡುಕಿ: ಸ್ಟ್ಯಾಕ್ ಮತ್ತು ರೀಚ್. ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೂರುವ ಕಂಬಿಯ ತುದಿ ಎಷ್ಟು ಮೇಲಿದೆ ಅನ್ನೋದು ಸ್ಟ್ಯಾಕ್, ಎಷ್ಟು ಮುಂದಿದೆ ಅನ್ನೋದು ರೀಚ್. ಎರಡೂ ಮಿಲಿಮೀಟರಿನಲ್ಲಿ ಇರುತ್ತವೆ. ಯಾವ ಎರಡು ಸೈಕಲ್ಲನ್ನಾದರೂ ನೇರವಾಗಿ ಹೋಲಿಸಬಹುದು, ಅದೇ ಇವುಗಳ ಉಪಯೋಗ.

ದೂರದ ಸವಾರಿಗೆ ಮಾಡಿದ ಫ್ರೇಮಿಗೆ ಎಂಡ್ಯುರೆನ್ಸ್ ಅಂತಾರೆ. ಅದರ 52ರಲ್ಲಿ ರೀಚ್ ಸಾಮಾನ್ಯವಾಗಿ 370ರ ಆಸುಪಾಸು, ಸ್ಟ್ಯಾಕ್ 540–550 ಇರುತ್ತದೆ. ರೇಸ್ ಫ್ರೇಮಿನ 56ರಲ್ಲಿ ರೀಚ್ 390ರ ಹತ್ತಿರ. ಬರೀ 20 ಮಿ.ಮೀ. ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಆದರೆ ದೊಡ್ಡ ಫ್ರೇಮಿನ ಜೊತೆ ಉದ್ದನೆಯ ಸ್ಟೆಮ್ (ಹ್ಯಾಂಡಲ್ಲನ್ನು ಮುಂದೆ ಹಿಡಿದಿಡುವ ತುಂಡು) ಬರುತ್ತದೆ, ಅಗಲದ ಹ್ಯಾಂಡಲ್ ಬರುತ್ತದೆ, ಉದ್ದನೆಯ ಕ್ರ್ಯಾಂಕ್ ಬರುತ್ತದೆ. ಎಲ್ಲ ಸೇರಿ ಕೈಗೆ ಮೂರು, ಮೂರೂವರೆ ಸೆಂಟಿಮೀಟರ್ ಜಾಸ್ತಿ ಚಾಚಬೇಕಾಗುತ್ತದೆ. ಸ್ಟೆಮ್ ಬದಲಾಯಿಸಿ ಒಂದು, ಹೆಚ್ಚೆಂದರೆ ಎರಡು ಸೆಂಟಿಮೀಟರ್ ವಾಪಸ್ ತರಬಹುದು. ಅದಕ್ಕಿಂತ ಗಿಡ್ಡ ಮಾಡಿದರೆ ಹ್ಯಾಂಡಲ್ ಚಂಚಲವಾಗುತ್ತದೆ, ಸ್ವಲ್ಪ ಅಲ್ಲಾಡಿಸಿದರೂ ಸೈಕಲ್ ತಿರುಗುತ್ತದೆ. ಸೀಟನ್ನು ಮುಂದಕ್ಕೆ ಸರಿಸಿ ಈ ಕೊರತೆ ತುಂಬೋಕೆ ಹೋಗಬೇಡಿ. ಸೀಟಿನ ಜಾಗವನ್ನು ಪೆಡಲ್ ನೋಡಿ ಗೊತ್ತು ಮಾಡಬೇಕು, ಹ್ಯಾಂಡಲ್ ನೋಡಿ ಅಲ್ಲ.

ನಿಮ್ಮ ಕೈ ಜೋಮು ಹಿಡಿಯೋದಕ್ಕೂ ಇದಕ್ಕೂ ನಂಟಿದೆ. ಕಿರುಬೆರಳು, ಉಂಗುರಬೆರಳು ಎರಡೇ ಜುಮ್ಮೆನ್ನುತ್ತಿದ್ದರೆ ಅಂಗೈಯ ಹೊರ ಅಂಚಿನಲ್ಲಿ ಹೋಗುವ ನರಕ್ಕೆ ಭಾರ ಬೀಳುತ್ತಿದೆ ಅಂತ. ನೇರ ಹ್ಯಾಂಡಲ್ಲಿನಲ್ಲಿ ಕೈ ಇಡೋಕೆ ಇರೋದು ಒಂದೇ ಜಾಗ, ಹಾಗಾಗಿ ಒತ್ತಡ ಅಲ್ಲೇ ಕೂರುತ್ತದೆ. ರೋಡ್ ಸೈಕಲ್ಲಿನ ಬಾಗಿದ ಹ್ಯಾಂಡಲ್ಲಿನಲ್ಲಿ ಮೂರು ಜಾಗ ಇವೆ: ಮೇಲಿನ ನೇರ ಭಾಗ, ಬ್ರೇಕ್ ಲಿವರಿನ ರಬ್ಬರ್ ತಲೆ (ಇದಕ್ಕೆ ಹುಡ್ ಅಂತಾರೆ), ಕೆಳಗಿನ ಬಾಗು (ಇದು ಡ್ರಾಪ್). ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಯಿಸಿದರೆ ಅರ್ಧ ತೊಂದರೆ ಹೋಗುತ್ತದೆ. ಉಳಿದ ಅರ್ಧ ರೀಚಿನದು. ಹ್ಯಾಂಡಲ್ ದೂರ ಇದ್ದರೆ ಮೊಣಕೈ ನೆಟ್ಟಗಾಗಿ ಬೀಗ ಹಾಕಿದಂತೆ ನಿಲ್ಲುತ್ತದೆ, ರಸ್ತೆಯ ಪ್ರತಿ ಗುಂಡಿಯೂ ನೇರವಾಗಿ ಅಂಗೈಗೆ, ಅಲ್ಲಿಂದ ಭುಜಕ್ಕೆ ಹೋಗುತ್ತದೆ. ಈಗಿನ ಸೈಕಲ್ಲಿನ ಸೀಟಿನ ಮೂತಿ ಕೆಳಕ್ಕೆ ಬಾಗಿದೆಯಾ ಅಂತಲೂ ನೋಡಿ. ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಕೈ ಅದನ್ನು ತಡೆಯುತ್ತಲೇ ಇರುತ್ತದೆ. ಇವತ್ತೇ ಸಮ ಮಾಡಿ ನೋಡಿ, ಒಂದು ಪೈಸೆ ಖರ್ಚಿಲ್ಲ.

ಅರ್ಧ ಗಂಟೆ ತುಳಿದು ನೋಡಿ ಅಂದೆನಲ್ಲ, ಆಗ ಗಮನಿಸಬೇಕಾದ್ದು ಇಷ್ಟು. ಹುಡ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಭುಜ ಕಿವಿಯ ಕಡೆ ಏರಿರಬಾರದು. ಎರಡೂ ಕೈಯನ್ನು ಹ್ಯಾಂಡಲ್ಲಿನಿಂದ ಒಂದು ಕ್ಷಣ ಸಡಿಲ ಮಾಡಿದರೆ ಮೈ ಮುಂದಕ್ಕೆ ಮುಗ್ಗರಿಸಬಾರದು. ಡ್ರಾಪ್ ಹಿಡಿದಾಗ ಬ್ರೇಕ್ ಲಿವರ್ ಬೆರಳಿಗೆ ಸಿಗಬೇಕು. ಕೈ ಚಿಕ್ಕದಾಗಿ ಸಿಗದಿದ್ದರೆ ಹೆಚ್ಚಿನ ಲಿವರುಗಳಲ್ಲಿ ಹತ್ತಿರ ತರುವ ಸ್ಕ್ರೂ ಇರುತ್ತದೆ, ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಮೊದಲ ಹತ್ತು ನಿಮಿಷ ಎಲ್ಲ ರೋಡ್ ಸೈಕಲ್ಲೂ ವಿಚಿತ್ರ ಅನ್ನಿಸುತ್ತದೆ, ಹ್ಯಾಂಡಲ್ ಕಿರಿದು, ಮೈ ಬಗ್ಗಿದ ಹಾಗೆ. ಅದಕ್ಕೆ ಹೆದರಬೇಡಿ. ಇಪ್ಪತ್ತು ನಿಮಿಷ ಆದಮೇಲೂ ಚಾಚಿಕೊಂಡು ಹಿಡಿಯುತ್ತಿದ್ದೇನೆ ಅನ್ನಿಸಿದರೆ ಮಾತ್ರ ಅದು ನಿಮ್ಮ ಸೈಕಲ್ ಅಲ್ಲ.

ಈಗ ನಿಮ್ಮ ಏರು. ನಿಜ ಹೇಳಬೇಕಂದರೆ ನನಗೆ ನಿಮ್ಮ ಪತ್ರದಲ್ಲಿ ಬಹಳ ಇಷ್ಟವಾದ ಸಾಲು ಇದೇ, ಯಾಕಂದರೆ ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡಬಹುದು. ನೀವು 70 ಕೆ.ಜಿ., ಸೈಕಲ್ 10, ಬಟ್ಟೆ ನೀರು ಎಲ್ಲ ಸೇರಿ 2. ಒಟ್ಟು 82. 8 ಪರ್ಸೆಂಟ್ ಏರಿನಲ್ಲಿ ಇಷ್ಟು ಭಾರವನ್ನು ಹತ್ತಿಸೋಕೆ, ಒಂದು ವರ್ಷ ತುಳಿದ ಒಬ್ಬರು ಕಾಲು ಗಂಟೆ ಹಿಡಿದಿಡಬಹುದಾದ ಶಕ್ತಿ 150 ವ್ಯಾಟ್ ಅಂತ ಇಟ್ಟುಕೊಂಡರೆ, ವೇಗ ಗಂಟೆಗೆ 8 ಕಿ.ಮೀ.ಗೆ ಸ್ವಲ್ಪ ಕಮ್ಮಿ. ಇಷ್ಟು ನಿಧಾನದಲ್ಲಿ ಪೆಡಲ್ ನಿಮಿಷಕ್ಕೆ ಎಷ್ಟು ಸಲ ಸುತ್ತುತ್ತದೆ ಅನ್ನೋದನ್ನು ಗೇರು ಗೊತ್ತು ಮಾಡುತ್ತದೆ.

ಸೋರಾ ಇರುವ ಹೊಸ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 32 ಇರುತ್ತದೆ. 34ಕ್ಕೆ 32 ಹಾಕಿದರೆ ಪೆಡಲ್ ನಿಮಿಷಕ್ಕೆ ಸುಮಾರು 58 ಸುತ್ತು ಬರುತ್ತದೆ. ನಿಧಾನವೇ, ಆದರೆ ಕೂತುಕೊಂಡೇ ಹತ್ತಬಹುದು. ಹಳೆಯ ರೇಸ್ ಸೈಕಲ್ಲಿನಲ್ಲಿ ಹೆಚ್ಚಾಗಿ ಮುಂದೆ 52 ಮತ್ತು 36, ಹಿಂದೆ 11ರಿಂದ 28. ಅಲ್ಲಿ ಅದೇ ಶಕ್ತಿಗೆ, ಅದೇ ವೇಗಕ್ಕೆ 49 ಸುತ್ತು. ಕಾಗದದ ಮೇಲೆ ಒಂಬತ್ತು ಸುತ್ತು ಏನೂ ಅಲ್ಲ. ಮಂಡಿಗೆ ಕೇಳಿ ನೋಡಿ! ಪ್ರತಿ ತುಳಿತಕ್ಕೂ ಐದನೇ ಒಂದು ಪಾಲು ಜಾಸ್ತಿ ಒತ್ತಬೇಕು, 2 ಕಿಲೋಮೀಟರ್ ಉದ್ದಕ್ಕೂ. ನೀವು ಇಳಿದು ತಳ್ಳೋದು ಕಾಲಿನಲ್ಲಿ ಬಲ ಇಲ್ಲ ಅಂತಲ್ಲ, ನಿಮಗೆ ಬೇಕಾದಷ್ಟು ಹಗುರದ ಗೇರು ಸಿಕ್ಕಿಲ್ಲ ಅಂತ ಇರಬಹುದು. ಅಂಗಡಿಯಲ್ಲಿ ಹಿಂದಿನ ಗೇರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ. 32 ಇದ್ದರೆ ಒಳ್ಳೆಯದು. 34 ಇದ್ದರೆ ಇನ್ನೂ ಒಳ್ಳೆಯದು. 28 ಇದ್ದರೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಾಯಿಸಿ ಕೊಡಿ ಅಂತ ಕೇಳಿ, ಆದರೆ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಡೆದುಕೊಳ್ಳುತ್ತದೆ ಅಂತ ನೋಡಿಕೊಳ್ಳಿ, ಅದರ ತೋಳು ಗಿಡ್ಡದಾದರೆ ದೊಡ್ಡ ಕ್ಯಾಸೆಟ್ ಕೂರಲ್ಲ.

ಹಗುರದ ಗೇರು ಅಂದರೆ ನಾಚಿಕೆ ಪಡುವವರು ಈಗಲೂ ಇದ್ದಾರೆ. ಟೂರ್ ಡಿ ಫ್ರಾನ್ಸಿನಲ್ಲೇ 1937ರವರೆಗೆ ಡಿರೇಲರ್ ಬಳಸೋಕೆ ಬಿಡುತ್ತಿರಲಿಲ್ಲ; ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಈಗ ವೃತ್ತಿಪರರೇ ಕಡಿದಾದ ದಿನಗಳಲ್ಲಿ ಹಿಂದೆ ದೊಡ್ಡ ಕ್ಯಾಸೆಟ್ ಹಾಕಿಕೊಳ್ಳುತ್ತಾರೆ. ನಮಗೇನು ಸಂಕೋಚ?

ಕಾರ್ಬನ್ ಹಗುರ ಅಲ್ವಾ, ಏರಿಗೆ ಅದೇ ಒಳ್ಳೆಯದಲ್ವಾ ಅಂತ ಗೆಳೆಯರು ಕೇಳುತ್ತಾರೆ. ಅದಕ್ಕೂ ಲೆಕ್ಕ ಹಾಕೋಣ. ಹಳೆಯ ಕಾರ್ಬನ್ ಸೈಕಲ್ 8 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಟ್ಟು ಭಾರ 82ರಿಂದ 80ಕ್ಕೆ ಇಳಿಯಿತು. ನಿಮ್ಮ 2 ಕಿ.ಮೀ. ಏರಿಗೆ ಹಿಡಿಯುವ ಸಮಯ ಸುಮಾರು 15 ನಿಮಿಷ. ಉಳಿಯೋದು ಇಪ್ಪತ್ತು ಸೆಕೆಂಡಿನ ಆಸುಪಾಸು. ಸಮತಟ್ಟು ರಸ್ತೆಯಲ್ಲಿ ಅಷ್ಟೂ ಇಲ್ಲ. ಅಲ್ಲಿ ನಿಮ್ಮ ಎದುರಾಳಿ ತೂಕ ಅಲ್ಲ, ಗಾಳಿ. ವೇಗ ಗಂಟೆಗೆ 25 ಕಿ.ಮೀ. ದಾಟಿದರೆ ನಿಮ್ಮ ಶಕ್ತಿಯ ಹೆಚ್ಚಿನ ಪಾಲು ಗಾಳಿ ಸೀಳೋಕೆ ಹೋಗುತ್ತದೆ. ಆ ಗಾಳಿಯ ತಡೆಯಲ್ಲಿ ದೊಡ್ಡ ಪಾಲು ಸೈಕಲ್ಲಿನದಲ್ಲ, ನಿಮ್ಮ ಮೈಯದು. ಎರಡು ಗಂಟೆ ಹೊತ್ತು ನೋವಿಲ್ಲದೆ ಸ್ವಲ್ಪ ಬಗ್ಗಿ ಕೂರೋಕೆ ಬಿಡುವ ಸೈಕಲ್ಲೇ ನಿಜಕ್ಕೂ ವೇಗದ ಸೈಕಲ್. ನೋಡಿ, ಮತ್ತೆ ಸೈಜಿಗೇ ಬಂದೆವು.

ಕಾರ್ಬನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕಾರ್ಬನ್ ಫ್ರೇಮ್ ರಸ್ತೆಯ ನಡುಕವನ್ನು ಚೆನ್ನಾಗಿ ತಡೆಯುತ್ತದೆ, ಹಗುರ, ಗಟ್ಟಿ. ಆದರೆ ಒಂದೇ ಬೆಲೆಯಲ್ಲಿ ಅಗ್ಗದ ಕಾರ್ಬನ್ನಿಗಿಂತ ಒಳ್ಳೆಯ ಅಲ್ಯೂಮಿನಿಯಂ ಮೇಲು. ಫ್ರೇಮಿಗೇ ದುಡ್ಡು ಹೋದರೆ ಕಂಪನಿ ಚಕ್ರ, ಬ್ರೇಕು, ಟೈರಿನಲ್ಲಿ ಕೈ ಬಿಗಿ ಮಾಡುತ್ತದೆ. ಫೋರ್ಕ್ ಮಾತ್ರ ಕಾರ್ಬನ್ ಇರಲಿ, ಅದರಿಂದ ಕೈಗೆ ಬರುವ ನಡುಕ ನಿಜವಾಗಿಯೂ ಕಮ್ಮಿಯಾಗುತ್ತದೆ. ನಿಮ್ಮ ಮೊದಲನೆಯ ಸೈಕಲ್ಲಿನಲ್ಲಿ ಅದು ಇದೆ.

ಹಳೆಯ ಸೈಕಲ್ ತಗೊಳ್ಳೋದನ್ನೂ ನಾನು ಬೇಡ ಅನ್ನಲ್ಲ. ಅದೇ ಕಾರ್ಬನ್ ಸೈಕಲ್ 52 ಸೈಜಿನಲ್ಲಿ ಇದ್ದಿದ್ದರೆ ಈ ಉತ್ತರ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಮುಂದೆ ಯಾವಾಗಲಾದರೂ ಹಳೆಯದು ನೋಡುವುದಾದರೆ ಇಷ್ಟು ನೆನಪಿಡಿ. ಕಾರ್ಬನ್ ವರ್ಷ ಕಳೆದ ಮಾತ್ರಕ್ಕೆ ಹಾಳಾಗಲ್ಲ, ಬಿದ್ದರೆ ಅಥವಾ ಬೋಲ್ಟನ್ನು ಅತಿಯಾಗಿ ಬಿಗಿದರೆ ಹಾಳಾಗುತ್ತದೆ. ಅಲ್ಯೂಮಿನಿಯಂ ತಗ್ಗು ಬಿದ್ದು ತೋರಿಸಿಕೊಳ್ಳುತ್ತದೆ, ಕಾರ್ಬನ್ನಿನಲ್ಲಿ ಬಿರುಕು ಬಣ್ಣದ ಕೆಳಗೆ ಅಡಗಿರಬಹುದು. ಸೀಟ್ ಕಂಬಿ ಬಿಗಿಯುವ ಜಾಗ, ಪೆಡಲ್ ಅಚ್ಚಿನ ಸುತ್ತ, ಫೋರ್ಕಿನ ಮೇಲ್ತುದಿ, ಇಲ್ಲೆಲ್ಲ ಟಾರ್ಚ್ ಹಾಕಿ ಬೆರಳಾಡಿಸಿ ನೋಡಬೇಕು. ರಿಮ್ ಬ್ರೇಕಿನ ಸೈಕಲ್ ಆದರೆ ರಿಮ್ಮಿನ ಪಕ್ಕ ಒಳಕ್ಕೆ ಕುಸಿದಿದೆಯಾ ಅಂತ ನೋಡಿ. ಬ್ರೇಕ್ ಹಿಡಿದಷ್ಟೂ ರಿಮ್ ಸವೆಯುತ್ತದೆ, ತೆಳುವಾದರೆ ಒಂದು ದಿನ ಒಡೆಯುತ್ತದೆ. ಸೀಟ್ ಕಂಬಿ ಮೇಲೆ ಕೆಳಗೆ ಸರಿಯುತ್ತದಾ, ಇಲ್ಲಾ ಫ್ರೇಮಿಗೆ ಅಂಟಿಕೊಂಡು ಕೂತಿದೆಯಾ ನೋಡಿ. ಚೈನು ಸವೆದಿದೆಯಾ ಅಂತ ಅಳೆಯುವ ಸಣ್ಣ ಪಟ್ಟಿ ಮೆಕ್ಯಾನಿಕ್ ಹತ್ತಿರ ಇರುತ್ತದೆ. ತುಂಬಾ ಸವೆದಿದ್ದರೆ ಕ್ಯಾಸೆಟ್ಟೂ ಹೋಗಿರುತ್ತದೆ, ಅದನ್ನು ಬೆಲೆಯಲ್ಲಿ ಕಳೆಯಿರಿ. ಮಾರುವವರ ಹತ್ತಿರ ಖರೀದಿಯ ಬಿಲ್ ಇಲ್ಲದಿದ್ದರೆ, ಫ್ರೇಮಿನ ಕೆಳಗಿನ ನಂಬರ್ ಉಜ್ಜಿ ಅಳಿಸಿದ್ದರೆ ಬಿಟ್ಟು ಬನ್ನಿ. ಇನ್ನೊಬ್ಬರಿಂದ ಕದ್ದ ಸೈಕಲ್ ಇರಬಹುದು.

ಮೂರನೆಯ ಸೈಕಲ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬೇಡ. ಎತ್ತರದ ರಿಮ್ ನೋಡೋಕೆ ವೇಗದ ಹಾಗೆ ಕಾಣುತ್ತದೆ, ಅಗ್ಗದಲ್ಲಿ ಬರುವ ಅಂಥ ರಿಮ್ ಬರೀ ಭಾರ. 7 ಗೇರಿನ ಸೈಕಲ್ಲುಗಳಲ್ಲಿ ಹೆಚ್ಚಾಗಿ ಹಿಂದೆ ಕ್ಯಾಸೆಟ್ ಇರಲ್ಲ, ಹಳೆಯ ಕಾಲದ ಹಾಗೆ ತಿರುಪಿ ಹಾಕುವ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗ್ ಒಳಗೆ ದೂರ ಕೂತಿರುತ್ತದೆ, ಹಾಗಾಗಿ ಅಚ್ಚಿನ ತುದಿಗೆ ಆಧಾರ ಕಮ್ಮಿ, ಗುಂಡಿಗೆ ಬಿದ್ದು ಬಿದ್ದು ಅಚ್ಚು ಬಾಗುತ್ತದೆ. ಇನ್ನೊಂದು ಗುರುತು: ಗೇರು ಹಾಕೋಕೆ ಹೆಬ್ಬೆರಳಿನ ಗುಂಡಿ ಇದ್ದರೆ, ಕೈ ಡ್ರಾಪಿನಲ್ಲಿದ್ದಾಗ ಅದು ಎಟುಕಲ್ಲ. ಮುಂದೆ ಒಳ್ಳೆಯ ಗೇರು ಹಾಕಿಸೋಣ ಅಂದರೆ ಚಕ್ರ, ಲಿವರು, ಡಿರೇಲರು, ಎಲ್ಲ ಬದಲಾಯಿಸಬೇಕು. ಹೊಸ ಸೈಕಲ್ಲಿನ ದುಡ್ಡೇ ಆಗುತ್ತದೆ.

ಗೇರಿನ ಹೆಸರುಗಳ ಗೊಂದಲವನ್ನೂ ಬಿಡಿಸಿಬಿಡೋಣ. ಶಿಮಾನೊದಲ್ಲಿ ರೋಡ್ ಸೈಕಲ್ಲಿನ ಮೆಟ್ಟಿಲು ಹೀಗೆ ಬಂದಿದೆ: ಹಿಂದಿನ ಚಕ್ರದಲ್ಲಿ ಕ್ಲಾರಿಸ್‌ಗೆ 8 ಗೇರು, ಸೋರಾಗೆ 9, ಟಿಯಾಗ್ರಾಗೆ 10, 105ಕ್ಕೆ ಮೊದಲು 11 ಇತ್ತು, ಈಗ 12. ಅದರ ಮೇಲೆ ಅಲ್ಟೆಗ್ರಾ, ಡ್ಯುರಾ-ಏಸ್. 2023ರಿಂದ ಕ್ಯೂಸ್ ಅನ್ನೋ ಹೊಸ ಸಾಲೂ ಬಂದಿದೆ. ಮೇಲಕ್ಕೆ ಹೋದಷ್ಟೂ ತೂಕ ಕಮ್ಮಿ, ಗೇರುಗಳ ನಡುವಿನ ಅಂತರ ಕಮ್ಮಿ, ಬೀಳೋದು ಇನ್ನೂ ಮೆತ್ತಗೆ. ಆದರೆ ಚೆನ್ನಾಗಿ ಹೊಂದಿಸಿದ ಸೋರಾ, ಕೆಟ್ಟದಾಗಿ ಹೊಂದಿಸಿದ 105ಗಿಂತ ಸಾವಿರ ಪಾಲು ಮೇಲು. 9 ಗೇರಿನ ಚೈನು, ಕ್ಯಾಸೆಟ್ ಅಗ್ಗ ಕೂಡ, ಅವು ಸವೆದು ಹೋಗುವ ಸಾಮಾನು ಅನ್ನೋದು ನೆನಪಿರಲಿ. ನಿಮ್ಮ ಬಜೆಟ್ಟಿನಲ್ಲಿ ಕ್ಲಾರಿಸ್ ಸಿಕ್ಕರೂ ನಾನು ಬೇಡ ಅನ್ನುತ್ತಿರಲಿಲ್ಲ. ಹೊಸಬರು ಈ ಹೆಸರುಗಳ ಬಗ್ಗೆ ವಾರಗಟ್ಟಲೆ ಓದುತ್ತಾರೆ, ತಮ್ಮ ಕಾಲಿನ ಅಳತೆ ತೆಗೆಯೋಕೆ ಹತ್ತು ನಿಮಿಷ ಕೊಡಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ಬ್ರೇಕಿನಲ್ಲಿ ಒಂದು ಎಚ್ಚರಿಕೆ. ಡಿಸ್ಕ್ ಅಂದ ತಕ್ಷಣ ಎಲ್ಲ ಒಂದೇ ಅಲ್ಲ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಎಲ್ಲಕ್ಕಿಂತ ಒಳ್ಳೆಯದು, ಒಂದು ಬೆರಳಲ್ಲಿ ನಿಲ್ಲುತ್ತದೆ, ಆದರೆ ನಿಮ್ಮ ಬಜೆಟ್ಟಿಗೆ ಹೆಚ್ಚಾಗಿ ಸಿಗಲ್ಲ. ಕೇಬಲ್ ಡಿಸ್ಕಿನಲ್ಲಿ ಎರಡು ಜಾತಿ. ಒಂದರಲ್ಲಿ ಒಂದು ಕಡೆಯ ಪ್ಯಾಡ್ ಮಾತ್ರ ಬಂದು ತಟ್ಟೆಯನ್ನು ಇನ್ನೊಂದು ಪ್ಯಾಡಿಗೆ ಒತ್ತುತ್ತದೆ. ಇನ್ನೊಂದರಲ್ಲಿ ಎರಡೂ ಕಡೆಯಿಂದ ಪ್ಯಾಡ್ ಬರುತ್ತವೆ, ಟಿಆರ್‌ಪಿ ಸ್ಪೈರ್ ಅಂಥದ್ದು. ಎರಡನೆಯದು ಸಿಕ್ಕರೆ ಅದೃಷ್ಟ. ಮೊದಲನೆಯದೇ ಇದ್ದರೂ ಅಡ್ಡಿಯಿಲ್ಲ, ಪ್ಯಾಡ್ ಸವೆದ ಹಾಗೆ ತಿಂಗಳಿಗೊಮ್ಮೆ ಸ್ಕ್ರೂ ತಿರುಗಿಸಿ ಹತ್ತಿರ ತರಬೇಕು ಅಷ್ಟೇ. ಅದು ಮರೆತರೆ ಲಿವರ್ ಹ್ಯಾಂಡಲ್ಲಿಗೆ ತಾಗುವವರೆಗೂ ಬ್ರೇಕ್ ಹಿಡಿಯಲ್ಲ. ಒಣ ರಸ್ತೆಯಲ್ಲಿ ಒಳ್ಳೆಯ ರಿಮ್ ಬ್ರೇಕ್ ಸಾಕು, ಹಗುರವೂ ಹೌದು. ಮಳೆಯಲ್ಲಿ ಮಾತ್ರ ರಿಮ್ಮಿನ ಮೇಲಿನ ನೀರು ಒರೆಸಿದ ಮೇಲೇ ಹಿಡಿತ ಸಿಗೋದು, ಆ ಒಂದೆರಡು ಸುತ್ತು ಬಹಳ ಉದ್ದ ಅನ್ನಿಸುತ್ತದೆ.

ಟೈರಿನ ವಿಷಯದಲ್ಲಿ ಕಾಲ ಬದಲಾಗಿದೆ. ಹಿಂದೆ 23 ಮಿ.ಮೀ. ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದೆವು, ಗಟ್ಟಿ ಇದ್ದಷ್ಟೂ ವೇಗ ಅಂತ ನಂಬಿದ್ದೆವು. ನಿಜವಾದ ರಸ್ತೆ ನುಣುಪಾಗಿ ಇರಲ್ಲ ಅಲ್ವಾ? ಗಟ್ಟಿ ಟೈರು ಪ್ರತಿ ಕಲ್ಲಿಗೂ ಇಡೀ ಸೈಕಲ್ಲನ್ನು, ನಿಮ್ಮನ್ನೂ ಸೇರಿಸಿ, ಎತ್ತಿ ಹಾಕುತ್ತದೆ. ಆ ಶಕ್ತಿ ಹೋಗೋದು ನಿಮ್ಮ ಕಾಲಿನಿಂದಲೇ. ಅಗಲದ ಟೈರು, ಕಮ್ಮಿ ಗಾಳಿ ಇದ್ದರೆ ಕಲ್ಲು ಟೈರಿನೊಳಗೇ ಮುಗಿಯುತ್ತದೆ. ನಿಮ್ಮ 70 ಕೆ.ಜಿ.ಗೆ 28 ಮಿ.ಮೀ. ಟೈರಿನಲ್ಲಿ ಹಿಂದೆ 70–75 ಪಿಎಸ್‌ಐ, ಮುಂದೆ ಅದಕ್ಕಿಂತ ಐದು ಕಮ್ಮಿ ಇಟ್ಟು ಶುರು ಮಾಡಿ. ಟೈರಿನ ಪಕ್ಕದಲ್ಲಿ ಬರೆದಿರೋದು ಗರಿಷ್ಠ ಮಿತಿ, ಅಷ್ಟು ತುಂಬಿಸಿ ಅಂತಲ್ಲ. ಫ್ರೇಮಿಗೆ 32 ಮಿ.ಮೀ. ಟೈರು ಹಿಡಿಯುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ಹಿಡಿದರೆ ನಾಳೆ ಕೆಟ್ಟ ರಸ್ತೆಗೂ ಇದೇ ಸೈಕಲ್ ಸಾಕು. ಹಳೆಯ ರಿಮ್ ಬ್ರೇಕಿನ ರೇಸ್ ಸೈಕಲ್ಲುಗಳಲ್ಲಿ ಎಷ್ಟೋ ಸಲ 25ರ ಮೇಲೆ ಜಾಗವೇ ಇರಲ್ಲ.

ಆ ಹೊಸ ಸೈಕಲ್ಲಿನ ಜೊತೆ ಬರುವ ಟೈರು ಹೆಚ್ಚಾಗಿ ಅಂಚಿನಲ್ಲಿ ಉಕ್ಕಿನ ತಂತಿ ಇರುವ, ದಪ್ಪ ರಬ್ಬರಿನ ಭಾರದ ಟೈರು. ಅದನ್ನು ಈಗಲೇ ಎಸೆಯಬೇಡಿ. ಸವೆದ ಮೇಲೆ ಮಡಿಚಲು ಬರುವ, ಮೆತ್ತನೆಯ ಬಟ್ಟೆಯ ಒಳ್ಳೆಯ ಟೈರು ಹಾಕಿಸಿ. ಒಂದು ಜೋಡಿ ಟೈರಿನಿಂದ ಹತ್ತು ವ್ಯಾಟಿಗಿಂತ ಜಾಸ್ತಿ ಉಳಿಯಬಹುದು. ಅಷ್ಟು ಕಮ್ಮಿ ದುಡ್ಡಿಗೆ ಇಷ್ಟು ಲಾಭ ಕೊಡುವ ಬದಲಾವಣೆ ರೋಡ್ ಸೈಕಲ್ಲಿನಲ್ಲಿ ಬೇರೆ ಇಲ್ಲ.

ದುಡ್ಡನ್ನು ಪೂರ್ತಿ ಸೈಕಲ್ಲಿಗೇ ಹಾಕಬೇಡಿ. ಐದನೇ ಒಂದು ಪಾಲು ಪಕ್ಕಕ್ಕಿಡಿ. ಹೆಲ್ಮೆಟ್ ಇಲ್ಲದಿದ್ದರೆ ಅದು ಮೊದಲು. ಗಾಳಿ ಎಷ್ಟಿದೆ ಅಂತ ತೋರಿಸುವ, ನೆಲದ ಮೇಲೆ ನಿಲ್ಲಿಸಿ ಒತ್ತುವ ಪಂಪು ಬೇಕು, ರೋಡ್ ಟೈರಿನ ಗಾಳಿ ವಾರದೊಳಗೆ ಇಳಿಯುತ್ತದೆ. ಎರಡು ಟ್ಯೂಬು, ಟೈರು ತೆಗೆಯುವ ಪ್ಲಾಸ್ಟಿಕ್ ಲಿವರು, ಜೇಬಿಗೆ ಹಿಡಿಯುವ ಪಂಪು. ಹಿಂದೆ ಮುಂದೆ ಲೈಟು. ಪ್ಯಾಡ್ ಇರುವ ಚಡ್ಡಿ, ಒಳ್ಳೆಯದೇ ತಗೊಳ್ಳಿ, ಒಳಗೆ ಬೇರೆ ಏನೂ ಹಾಕಬೇಡಿ. ಎಷ್ಟೋ ರೋಡ್ ಸೈಕಲ್ಲುಗಳು ಪೆಡಲ್ ಇಲ್ಲದೆ ಬರುತ್ತವೆ, ಕೇಳಿ ತಿಳಿದುಕೊಳ್ಳಿ. ಶೂ ಪೆಡಲ್ಲಿಗೆ ಕಚ್ಚಿಕೊಳ್ಳುವ ವ್ಯವಸ್ಥೆ ಆಮೇಲೆ ನೋಡಿದರಾಯಿತು. ಮೊದಲ ಮೂರು ತಿಂಗಳು ಮಾಮೂಲಿ ಚಪ್ಪಟೆ ಪೆಡಲ್ ಸಾಕು. ಸೀಟು ಗಟ್ಟಿ ಇದೆ ಅಂತ ಮೆತ್ತನೆಯ ಕವರ್ ಹಾಕಬೇಡಿ. ಮೆತ್ತಗಿದ್ದಷ್ಟೂ ಕೂರುವ ಮೂಳೆ ಒಳಕ್ಕೆ ಇಳಿದು ಪಕ್ಕದ ಮಾಂಸಕ್ಕೆ ಭಾರ ಬೀಳುತ್ತದೆ, ದೂರ ಹೋದಷ್ಟೂ ಉರಿ. ಸೀಟಿನ ಅಗಲ ನಿಮ್ಮ ಮೂಳೆಗಳ ಅಂತರಕ್ಕೆ ಸರಿಯಾಗಿರಬೇಕು, ವಿಷಯ ಇಷ್ಟೇ.

ಸೈಕಲ್ ಪೆಟ್ಟಿಗೆಯಲ್ಲಿ ಬರುವುದಾದರೆ ಜೋಡಣೆಗೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಸ್ಟೆಮ್ಮಿನ ಬೋಲ್ಟುಗಳಿಗೆ ಇಷ್ಟೇ ಬಿಗಿ ಅಂತ ಇರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು, ಅಲ್ಲೇ ಬರೆದಿರುತ್ತದೆ. ಎಡಗಡೆಯ ಪೆಡಲ್ ಉಲ್ಟಾ ತಿರುಪು, ಬಲವಂತ ಮಾಡಿದರೆ ಕ್ರ್ಯಾಂಕಿನ ತಿರುಪೇ ಹಾಳು. ಮೊದಲ 200 ಕಿಲೋಮೀಟರ್ ಆದಮೇಲೆ ಒಂದು ಸಲ ವಾಪಸ್ ಕೊಂಡೊಯ್ಯಿರಿ. ಹೊಸ ಕೇಬಲ್ ಕೂತುಕೊಂಡು ಸಡಿಲವಾಗಿರುತ್ತದೆ, ಕಡ್ಡಿಗಳೂ ಸ್ವಲ್ಪ ಸಡಿಲ ಬಿದ್ದಿರುತ್ತವೆ. ಅರ್ಧ ಗಂಟೆಯ ಕೆಲಸ. ಇದನ್ನು ಮಾಡಿಸದೆ "ಸೋರಾ ಸರಿಯಿಲ್ಲ, ಗೇರು ಬೀಳಲ್ಲ" ಅಂದವರನ್ನು ಬಹಳ ಜನರನ್ನು ನೋಡಿದ್ದೇನೆ.

ಕೊನೆಯದಾಗಿ, ಒಂದು ವರ್ಷ ಕಾಯಬೇಕಾ ಅಂತ ಕೇಳಿದ್ದೀರಿ. ಹೊಸ ಕಾರ್ಬನ್ನಿಗೋಸ್ಕರ ಕಾಯಬೇಡಿ. ಈ ಒಂದು ವರ್ಷದಲ್ಲಿ ಸರಿಯಾದ ಸೈಕಲ್ ಮೇಲೆ ತುಳಿದ ಕಿಲೋಮೀಟರುಗಳು ನಿಮ್ಮ ಕಾಲಿಗೆ ಕೊಡುವ ಬಲ, 2 ಕೆ.ಜಿ. ಕಮ್ಮಿಯಾಗಿ ಸಿಗುವ ಇಪ್ಪತ್ತು ಸೆಕೆಂಡಿಗಿಂತ ಬಹಳ ದೊಡ್ಡದು. ಆಮೇಲೆ ಎರಡನೇ ಸೈಕಲ್ ತಗೊಳ್ಳುವಾಗ ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಿರುತ್ತದೆ, ನನ್ನನ್ನು ಕೇಳಬೇಕಾಗಿಲ್ಲ. ಆದರೆ ಅಂಗಡಿಗೆ ಹೋದಾಗ "52 ಖಾಲಿಯಾಗಿದೆ, 54 ಇದೆ, ಸ್ವಲ್ಪ ಬೆಲೆ ಇಳಿಸಿ ಕೊಡುತ್ತೇವೆ" ಅಂದರೆ, ಆಗ ಖಂಡಿತ ಕಾಯಿರಿ. ಆ 54ರ ರೀಚ್ ಎಷ್ಟು ಅಂತ ಬರೆದುಕೊಂಡು ಬಂದು, ಮನೆಯಲ್ಲಿ ಕೂತು ಹೋಲಿಸಿ ನೋಡಿ. ಹತ್ತು ಮಿಲಿಮೀಟರಿಗಿಂತ ಕಮ್ಮಿ ವ್ಯತ್ಯಾಸ ಇದ್ದರೆ, ತುಳಿದು ನೋಡಿದಾಗಲೂ ಸರಿ ಅನ್ನಿಸಿದರೆ ಗಿಡ್ಡ ಸ್ಟೆಮ್ ಹಾಕಿಸಿಕೊಂಡು ತಗೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ 52 ಬರುವವರೆಗೂ ಹೈಬ್ರಿಡ್ಡೇ ತುಳಿಯುತ್ತಿರಿ, ಅದರ ಸೀಟಿನ ಮೂತಿ ಮಾತ್ರ ಈ ಭಾನುವಾರವೇ ಸಮ ಮಾಡಿಕೊಳ್ಳಿ.